ಸ್ಟೇರಿಂಗ್ ಆಟ ಎಲ್ಲಿಂದ ಬರುತ್ತದೆ? ಹಳೆ ಲಾರಿ ಇಟ್ಟುಕೊಂಡವರಿಗೆ ನಾಲ್ಕು ಮಾತು

(ರಜತ ಮಹೋತ್ಸವದ ಅಂಗವಾಗಿ ನಡೆದ ರೈತರ ಹಾಗೂ ವಾಹನ ಚಾಲಕರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ರಜತ ಮಹೋತ್ಸವ ಅಂದ ಮೇಲೆ ಸಂಘ ಬೆಳೆದು ಬಂದ ದಾರಿ, ಶೇರು, ಸಾಲ, ಗೋದಾಮು, ಗೊಬ್ಬರ ಇವುಗಳ ಮಾತು ಬರುವುದು ಸಹಜ. ಅದನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಮಗೆ ಕೊಟ್ಟ ವಿಷಯ ಲಾರಿಯ ಸ್ಟೇರಿಂಗಿನದು. "ಸಂಘದ ಸಭೆಯಾಗ ಸ್ಟೇರಿಂಗ್ ಮಾತು ಯಾಕ್ರಿ?" ಅಂತ ಯಾರಾದರೂ ಕೇಳಬಹುದು. ನಮ್ಮ ನೆಲ್ಲು ಹೊಲದಿಂದ ಮಿಲ್ಲಿಗೆ ಹೋಗುವುದು ಲಾರಿಯ ಮೇಲೆ. ಗೊಬ್ಬರ ಗೋದಾಮಿಗೆ ಬರುವುದೂ ಲಾರಿಯ ಮೇಲೆ. ಚೀಲದ ಮೇಲೆ ಕುಂತು ಬರುವವರು ನಮ್ಮೂರ ಹಮಾಲರು. ಎದುರಿಗೆ ಟ್ರ್ಯಾಕ್ಟರ್ ಹೊಡೆದುಕೊಂಡು, ಸೈಕಲ್ ತುಳಿದುಕೊಂಡು ಬರುವವರು ನಮ್ಮ ಮನೆ ಮಕ್ಕಳು. ಅಂದ ಮೇಲೆ ಇದು ಸಂಘದ ಮಾತೇ ಆಯಿತು.

ನಾವು ಮೆಕ್ಯಾನಿಕ್ ಅಲ್ಲ, ಒಕ್ಕಲುತನದವರು. ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಆದರೆ ಹಳೆ ಗಾಡಿಗಳ ಸಂಗಡ ಬಹಳ ದಿನ ತಿರುಗಿದ್ದೇವೆ, ಮಿಸ್ತ್ರಿಗಳ ಹತ್ತಿರ ಕುಂತು ನೋಡಿದ್ದೇವೆ, ಕೇಳಿ ತಿಳಿದುಕೊಂಡಿದ್ದೇವೆ. ಗ್ಯಾರೇಜಿಗೆ ಹೋಗುವ ಮೊದಲು ಮಾಲೀಕ ಮತ್ತು ಚಾಲಕ ತಾವೇ ಏನೇನು ನೋಡಿಕೊಳ್ಳಬಹುದು ಅನ್ನುವುದಷ್ಟೇ ನಮ್ಮ ಮಾತು.

ನಮ್ಮ ರಸ್ತೆ, ನಮ್ಮ ಮಣ್ಣು

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಹೆದ್ದಾರಿಯ ಮೇಲೆ ಗಾಡಿ ಜೋರಾಗಿ ಓಡುತ್ತದೆ. ಆದರೆ ನೆಲ್ಲು ತುಂಬುವುದು ಹೆದ್ದಾರಿಯ ಮೇಲಲ್ಲ. ಕ್ಯಾಂಪುಗಳ ಕಚ್ಚಾ ದಾರಿಯಲ್ಲಿ, ಕಾಲುವೆಯ ಏರಿಯ ಮೇಲೆ, ಎರಿ ಭೂಮಿಯ ಹೊಲದ ಬದುವಿನ ಹತ್ತಿರ. ಎರಿ ಮಣ್ಣು ಹಸಿಯಾದರೆ ಅಂಟು, ಒಣಗಿದರೆ ಕಲ್ಲು. ಆ ಕೆಸರು ಮುಂದಿನ ಆಕ್ಸಲ್ಲಿಗೆ, ಟೈ ರಾಡಿನ ತುದಿಗೆ, ಕಿಂಗ್ ಪಿನ್ನಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿದ್ದರೆ ಒಳಗೆ ನೀರು, ಮಣ್ಣು ಇಳಿದು ಗ್ರೀಸು ಕೆಡುತ್ತದೆ. ಆಮೇಲೆ ಅದು ಅರದ ಹಾಗೆ ಕಬ್ಬಿಣ ತಿನ್ನುತ್ತದೆ. ಟಾಟಾ 1613 ಇರಲಿ, 407 ಇರಲಿ, ಲೇಲ್ಯಾಂಡ್ ಕಾಮೆಟ್ ಇರಲಿ, ನಮ್ಮ ಕಡೆ ಹಳೆ ಗಾಡಿಯ ಮುಂದಿನ ಭಾಗ ಬೇಗ ಸವೆಯುವುದಕ್ಕೆ ಇದು ದೊಡ್ಡ ಕಾರಣ.

ಮೊದಲು ರೋಗಕ್ಕೆ ಹೆಸರು ಇಡಬೇಕು

ಚಾಲಕ ಬಂದು "ಯಜಮಾನ್ರ, ಸ್ಟೇರಿಂಗ್ ಲೂಜ್ ಆಗೈತ್ರಿ" ಅಂದಾಗ, ಆ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಇರಬಹುದು.

ಒಂದು, ಆಟ. ಚಕ್ರ ತಿರುಗಿಸಿದರೂ ಸ್ವಲ್ಪ ದೂರದ ತನಕ ಗಾಲಿ ಅಲುಗುವುದಿಲ್ಲ. ಎರಡು, ಓಲಾಟ. ನೆಟ್ಟಗೆ ಹಿಡಿದರೂ ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲೆಯುತ್ತದೆ, ಚಾಲಕನ ಕೈಗೆ ಬಿಡುವೇ ಇಲ್ಲ. ಮೂರು, ಎಳೆತ. ಗಾಡಿ ಯಾವಾಗಲೂ ಒಂದೇ ಕಡೆಗೆ ಹೋಗುತ್ತದೆ. ನಾಲ್ಕು, ನಡುಕ. ಒಂದು ವೇಗಕ್ಕೆ ಬಂದ ಕೂಡಲೇ ಚಕ್ರ ಕೈಯಲ್ಲಿ ಗಡಗಡ ನಡುಗುತ್ತದೆ.

ಆದ್ದರಿಂದ ಚಾಲಕನನ್ನು ಕೂಡಿಸಿಕೊಂಡು ಕೇಳಬೇಕು. ಖಾಲಿ ಇದ್ದಾಗಲೋ, ಲೋಡ್ ಇದ್ದಾಗಲೋ? ಎಷ್ಟು ವೇಗದಲ್ಲಿ? ಬ್ರೇಕ್ ಒತ್ತಿದಾಗ ಮಾತ್ರವೋ? ಯಾವ ದಿನದಿಂದ? ಅದಕ್ಕೆ ಮುಂಚೆ ಟೈರು ಬದಲಿಸಿದ್ದು, ಕಮಾನು ಪಟ್ಟಿ ಕಟ್ಟಿಸಿದ್ದು, ಗುಂಡಿಗೆ ಬಿದ್ದದ್ದು ಏನಾದರೂ ಉಂಟೋ? ಇದನ್ನು ಗದರಿಸಿ ಕೇಳಬಾರದು. ಗದರಿಸಿದರೆ ಗುಂಡಿಗೆ ಬಿದ್ದದ್ದನ್ನು ಯಾವ ಚಾಲಕನೂ ಹೇಳುವುದಿಲ್ಲ.

ಲೋಡಿನ ಮಾತು ಇನ್ನೊಂದು ಉಂಟು. ಹಿಂದಿನ ಆಕ್ಸಲ್ಲಿನಿಂದಾಚೆ ಭಾರ ಜಾಸ್ತಿ ಹೇರಿದರೆ ಮುಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿ ನೆಲ ಹಿಡಿಯುವುದಿಲ್ಲ. ನೆಲ್ಲಿನ ಹುಲ್ಲನ್ನು ಹಿಂದಕ್ಕೂ ಅಕ್ಕಪಕ್ಕಕ್ಕೂ ಚಾಚಿ ಹೇರಿದ ಲಾರಿ ಗಾಳಿಗೆ ಓಲಾಡುವುದನ್ನು ಎಲ್ಲರೂ ನೋಡಿದ್ದೀರಿ. ಅಂಥ ಲೋಡಿನ ಓಲಾಟಕ್ಕೆ ಯಾವ ಮಿಸ್ತ್ರಿಯ ಪಾನಾದಲ್ಲೂ ಔಷಧ ಇಲ್ಲ. ಆರ್.ಸಿ. ಬುಕ್ಕಿನಲ್ಲಿರುವ ತೂಕ, ಸರಿಯಾದ ಹೇರಿಕೆ, ಇವೇ ಔಷಧ.

ಆಟ ಅಳೆಯುವುದು

ಗಾಡಿಯನ್ನು ಸಮನೆಲದಲ್ಲಿ ಖಾಲಿ ನಿಲ್ಲಿಸಿ, ಮುಂದಿನ ಗಾಲಿ ನೆಟ್ಟಗಿರಲಿ. ಪವರ್ ಸ್ಟೇರಿಂಗ್ ಇದ್ದರೆ ಇಂಜಿನ್ ಚಾಲೂ ಇರಬೇಕು, ಇಲ್ಲದಿದ್ದರೆ ಬೇಕಿಲ್ಲ. ಒಬ್ಬರು ಚಕ್ರವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಲಿ, ಇನ್ನೊಬ್ಬರು ಮುಂದಿನ ಟೈರು ನೋಡುತ್ತಿರಲಿ. ಟೈರು ಅಲುಗಿದ ಕೂಡಲೇ ಚಕ್ರದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು. ಹಾಗೇ ಬಲಕ್ಕೆ ತಿರುಗಿಸಿ ಇನ್ನೊಂದು ಗುರುತು. ಎರಡು ಗುರುತಿನ ನಡುವಿನದೇ ಆಟ.

ಇದಕ್ಕೆ ಕಾನೂನು ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ ಹನ್ನೆರಡರಿಂದ ಒಂದರ ತನಕ. 20 ಇಂಚಿನ ಚಕ್ರದ ಅಂಚಿನ ಮೇಲೆ ಇದು ಸುಮಾರು ಐದು ಇಂಚು. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಲೇಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು ಅನ್ನುವುದೂ ಅದೇ ನಿಯಮದಲ್ಲಿದೆ. ಇದು ಹೊರಗಿನ ಗಡಿ ಅಂತ ತಿಳಿಯಿರಿ, ಅಲ್ಲಿಯ ತನಕ ಕಾಯಬಾರದು. ಅಮೆರಿಕದ ಲಾರಿ ನಿಯಮದಲ್ಲಿ ಪವರ್ ಇಲ್ಲದ 20 ಇಂಚಿನ ಚಕ್ರಕ್ಕೆ ಬಿಡುವುದು ಎರಡೂವರೆ ಇಂಚು ಮಾತ್ರ.

ಕಾಲುವೆಯ ಲೆಕ್ಕ

ಇನ್ನು ಆಟ ಎಲ್ಲಿಂದ ಬರುತ್ತದೆ ಅಂತ ಹುಡುಕುವುದು. ನಮ್ಮ ರೈತರಿಗೆ ಇದು ಹೊಸ ವಿದ್ಯೆ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನಿಂದ ನೀರು ಬಿಟ್ಟಿರುತ್ತಾರೆ, ಕೊನೆ ಭಾಗದ ಹೊಲಕ್ಕೆ ಬರುವುದಿಲ್ಲ. ಆಗ ನಾವೇನು ಮಾಡುತ್ತೇವೆ? ಕಾಲುವೆ ಹಿಡಿದು ನಡೆಯುತ್ತೇವೆ. ಈ ತೂಬಿನ ತನಕ ನೀರು ಇದೆ, ಮುಂದಿನ ತೂಬಿಗೆ ಇಲ್ಲ ಅಂದರೆ, ನಡುವೆ ಎಲ್ಲೋ ಒಡೆದಿದೆ ಅಂತ ಅರ್ಥ. ಸ್ಟೇರಿಂಗಿನದೂ ಅದೇ ಲೆಕ್ಕ.

ಚಾಲಕನ ಕೈಯ ಚಲನೆಯೇ ನೀರು. ಚಕ್ರದಿಂದ ಕಾಲಮ್ಮಿಗೆ, ಅಲ್ಲಿಂದ ಸ್ಟೇರಿಂಗ್ ಬಾಕ್ಸಿಗೆ, ಬಾಕ್ಸಿನಿಂದ ಡ್ರಾಪ್ ಆರ್ಮಿಗೆ, ಅಲ್ಲಿಂದ ಡ್ರ್ಯಾಗ್ ಲಿಂಕಿಗೆ, ಡ್ರ್ಯಾಗ್ ಲಿಂಕಿನಿಂದ ಒಂದು ಗಾಲಿಗೆ, ಟೈ ರಾಡಿನ ಮೂಲಕ ಇನ್ನೊಂದು ಗಾಲಿಗೆ. ಒಬ್ಬರು ಮೇಲೆ ಕುಂತು ಚಕ್ರವನ್ನು ನಾಲ್ಕು ಬೆರಳಿನಷ್ಟು ಎಡಕ್ಕೆ ಬಲಕ್ಕೆ ಆಡಿಸುತ್ತಿರಲಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟು, ಇನ್ನೊಬ್ಬರು ಕೆಳಗೆ ಹೋಗಿ ಒಂದೊಂದೇ ಜೋಡಣೆಯ ಮೇಲೆ ಕೈ ಇಟ್ಟು ನೋಡಬೇಕು. ಎಲ್ಲಿ ಚಲನೆ ಒಳಗೆ ಹೋಗಿ ಹೊರಗೆ ತಡವಾಗಿ ಬರುತ್ತದೋ, ಎಲ್ಲಿ ಕೈಗೆ "ಟಕ್" ಅಂತ ಬಡಿಯುತ್ತದೋ, ಅಲ್ಲೇ ಸೋರಿಕೆ.

ಕಾಲಮ್ಮಿನ ಜಾಯಿಂಟಿನಲ್ಲಿ ಆಟ ಇದ್ದರೆ ಮೇಲಿನ ತುದಿ ತಿರುಗಿ ಕೆಳಗಿನ ತುದಿ ನಿಂತಿರುತ್ತದೆ. ಬಾಕ್ಸೇ ಚಾಸಿಸ್ ಮೇಲೆ ಅಲುಗುತ್ತಿದ್ದರೆ ಅದರ ಬೋಲ್ಟು ಸಡಿಲ. ಬೋಲ್ಟಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದೇ ಸಾಕ್ಷಿ. ಅಲ್ಲಿ ಚಾಸಿಸ್ ಸೀಳಿದೆಯೋ ಅಂತಲೂ ನೋಡಬೇಕು. ಶಾಫ್ಟು ತಿರುಗಿದರೂ ಡ್ರಾಪ್ ಆರ್ಮ್ ಅಲುಗದಿದ್ದರೆ ಸವೆತ ಬಾಕ್ಸಿನ ಒಳಗೆ. ಡ್ರಾಪ್ ಆರ್ಮ್ ಹಲ್ಲಿನ ಮೇಲೆ ಜಾರುತ್ತಿದ್ದರೆ ಗಾಡಿ ಒಂದು ಹೆಜ್ಜೆಯೂ ಮುಂದೆ ಹೋಗಬಾರದು.

ಜಾಕ್ ಕೊಟ್ಟು ನೋಡುವುದು

ಆಮೇಲೆ ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು ಗಾಲಿ ಎತ್ತಬೇಕು. ಬರೀ ಜಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ತಲೆ ಹಾಕಬೇಡಿ. ಗಟ್ಟಿ ಸ್ಟ್ಯಾಂಡು ಅಥವಾ ಮರದ ದಿಮ್ಮಿ ಕೊಡಿ.

ಗಾಲಿಯನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ದೊಡ್ಡ ಗಾಲಿಗೆ ಕೆಳಗಿನಿಂದ ಸಣ್ಣ ಹಾರೆ ಕೊಟ್ಟು ಮೀಟಿದರೂ ಸರಿ. ಆಟ ಕಂಡರೆ ಅದು ಗಾಲಿಯ ಬೇರಿಂಗಿನದೋ, ಕಿಂಗ್ ಪಿನ್ನಿನದೋ ಅನ್ನುವ ಅನುಮಾನ ಬರುತ್ತದೆ. ಬಿಡಿಸುವ ಉಪಾಯ ಸುಲಭ. ಒಬ್ಬರು ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಆಟ ಹೋದರೆ ಅದು ಬೇರಿಂಗು. ಆಟ ಹಾಗೇ ಇದ್ದರೆ ಕಿಂಗ್ ಪಿನ್ನು, ಬುಷ್ಷು. ಇನ್ನು ಗಾಲಿಯನ್ನು ಎಡಕ್ಕೊಂದು, ಬಲಕ್ಕೊಂದು ಕೈ ಇಟ್ಟು ಅಲುಗಿಸಿದಾಗ ಬಡಿದರೆ ಟೈ ರಾಡ್ ಎಂಡು, ಡ್ರ್ಯಾಗ್ ಲಿಂಕಿನ ಎಂಡು ನೋಡಬೇಕು.

ಹೀಗೆ ಎತ್ತಿದಾಗಲೇ ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವುದು ಒಳ್ಳೆಯದು. ಗಾಡಿಯ ಭಾರ ಪಿನ್ನಿನ ಮೇಲಿದ್ದರೆ ಗ್ರೀಸು ಎಲ್ಲಾ ಕಡೆ ಹೋಗುವುದಿಲ್ಲ. ಹಳೆ ಕೊಳಕು ಗ್ರೀಸು ಹೊರಬಂದು ಹೊಸದು ಕಾಣುವ ತನಕ ಹೊಡೆಯಬೇಕು. ನಿಪ್ಪಲ್ ಕಟ್ಟಿದ್ದರೆ ಮೇಲೆ ಒರೆಸಿ ಬಿಡುವುದಲ್ಲ, ನಿಪ್ಪಲ್ ಬದಲಿಸಬೇಕು.

ಆಟ ಇಲ್ಲದೆ ಓಲಾಡಿದರೆ

ಎಲ್ಲಾ ಜಾಯಿಂಟು ಗಟ್ಟಿ ಇವೆ, ಆದರೂ ಗಾಡಿ ಅಲೆಯುತ್ತದೆ. ಹೀಗೂ ಆಗುತ್ತದೆ. ಆಗ ನೆಲದಿಂದ ಮೇಲಕ್ಕೆ ನೋಡಬೇಕು.

ಮೊದಲು ಟೈರು. ಬೆಳಿಗ್ಗೆ ಗಾಡಿ ಓಡುವ ಮೊದಲು ಗೇಜು ಹಚ್ಚಿ ಗಾಳಿ ನೋಡಿ, ಮುಂದಿನ ಎರಡೂ ಟೈರಿಗೆ ಸಮ ಇರಬೇಕು. ಕಾಲಿಂದ ಒದ್ದು ನೋಡುವುದು ಗಾಳಿ ನೋಡಿದಂತಲ್ಲ. ಮುಂದೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಟೈರು ಎಂದಿಗೂ ಹಾಕಬೇಡಿ. ಟೈರಿನ ಮೇಲೆ ಅಂಗೈ ಆಡಿಸಿ. ಒಳಕ್ಕೆ ಹೋಗುವಾಗ ನುಣುಪು, ಹೊರಕ್ಕೆ ಬರುವಾಗ ಗರಗಸದ ಹಾಗೆ ಹತ್ತಿದರೆ ಟೋ ತಪ್ಪಿದೆ. ಒಂದೇ ಅಂಚು ಸವೆದಿದ್ದರೆ ಕಿಂಗ್ ಪಿನ್ ಸವೆತ ಅಥವಾ ಆಕ್ಸಲ್ ಬಾಗಿದ ಅನುಮಾನ.

ಟೋ ಅಂದರೆ ಮುಂದಿನ ಎರಡು ಗಾಲಿ ಒಂದಕ್ಕೊಂದು ನೆಟ್ಟಗೆ ಇವೆಯೋ ಅನ್ನುವ ಲೆಕ್ಕ. ಗಾಲಿ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸುಣ್ಣದ ಗೆರೆ ಎಳೆಯಿರಿ. ಕೆಳಗಿಳಿಸಿ, ಗಾಡಿಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿ, ಹಬ್ಬಿನ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಅಳೆಯಿರಿ. ಎಷ್ಟು ಮಿಲಿಮೀಟರ್ ವ್ಯತ್ಯಾಸ ಇರಬೇಕು ಅನ್ನುವುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಹಿಂದಿಗಿಂತ ಮುಂದೆ ಅಗಲ ಬಂದರೆ ಗಾಲಿಗಳು ಹೊರಗೆ ನೋಡುತ್ತಿವೆ ಅಂತ ಅರ್ಥ. ಒಂದು ನೊಗಕ್ಕೆ ಕಟ್ಟಿದ ಎತ್ತುಗಳು ಎಡಬಲಕ್ಕೆ ಎಳೆದ ಹಾಗೆ ಗಾಡಿ ಅಲೆಯುತ್ತದೆ. ಟೈ ರಾಡ್ ಎಂಡ್ ಬದಲಿಸಿದ ಪ್ರತಿ ಸಲವೂ ಟೋ ಸರಿಮಾಡಿಸಲೇಬೇಕು.

ಮುಂದಿನದು ಕಮಾನು. ಯು ಬೋಲ್ಟು ಸಡಿಲಾದರೆ, ನಡುವಿನ ಬೋಲ್ಟು ಮುರಿದರೆ ಆಕ್ಸಲ್ಲೇ ಹಿಂದೆ ಮುಂದೆ ಸರಿಯುತ್ತದೆ. ಶ್ಯಾಕಲ್ ಪಿನ್ನು, ಬುಷ್ಷು ಸವೆದರೆ ಆಕ್ಸಲ್ ಅಡ್ಡ ಆಡುತ್ತದೆ. ಹಿಂದಿನ ಆಕ್ಸಲ್ಲನ್ನು ಬಹಳ ಜನ ಮರೆಯುತ್ತಾರೆ. ಹಿಂದಿನದು ಸೊಟ್ಟಾದರೆ ಮುಂದಿನದು ಎಷ್ಟು ಸರಿ ಇದ್ದರೂ ಗಾಡಿ ಏಡಿಯ ಹಾಗೆ ಅಡ್ಡ ನಡೆಯುತ್ತದೆ. ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಎರಡೂ ಕಡೆ ಟೇಪು ಹಿಡಿದು ಅಳೆಯಿರಿ. ಎರಡೂ ಸಮ ಬರಬೇಕು.

ಇನ್ನೊಂದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಚಿಮಟಾ ಮೇಲ್ಗಡೆ ಹಿಂದಕ್ಕೆ ವಾಲಿರುತ್ತದೆ, ನೋಡಿದ್ದೀರಿ. ಅದರಿಂದಲೇ ಹುಡುಗರು ಕೈ ಬಿಟ್ಟು ಹೊಡೆದರೂ ಸೈಕಲ್ ನೆಟ್ಟಗೆ ಹೋಗುತ್ತದೆ. ಲಾರಿಯ ಕಿಂಗ್ ಪಿನ್ನಿಗೂ ಹಾಗೆ ವಾಲು ಇರುತ್ತದೆ. ಕಮಾನು ಕುಸಿದರೆ, ಕಮಾನಿನ ಕೆಳಗಿನ ಬೆಣೆಯನ್ನು ತಿರುಗಾಮುರುಗಾ ಹಾಕಿದರೆ ಆ ವಾಲು ಹೋಗುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೆಟ್ಟಗೆ ಬರುವುದಿಲ್ಲ. ಕಮಾನು ಕಟ್ಟಿಸಿದ ಮಾರನೆಯ ದಿನದಿಂದ ಓಲಾಟ ಶುರುವಾದರೆ ಮೊದಲು ಇದನ್ನೇ ನೋಡಿ.

ಬಾಕ್ಸಿನ ಸ್ಕ್ರೂ ಕೊನೆಗೆ

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇವೆ. ಸ್ಟೇರಿಂಗ್ ಬಾಕ್ಸಿನ ಮೇಲೆ ಹೊಂದಿಸುವ ಒಂದು ಸ್ಕ್ರೂ, ಅದಕ್ಕೆ ಲಾಕ್ ನಟ್ಟು ಇರುತ್ತದೆ. "ಸ್ಟೇರಿಂಗ್ ಲೂಜ್" ಅಂದ ಕೂಡಲೇ ಅದನ್ನು ಬಿಗಿ ಮಾಡಿ ಕಳಿಸುವ ರೂಢಿ ಬಿದ್ದುಬಿಟ್ಟಿದೆ. ನಮ್ಮ ಸಂಘದ ಹಳೆ ಲಾರಿಗೂ ಒಂದು ಗ್ಯಾರೇಜಿನಲ್ಲಿ ಹೀಗೇ ಆಯಿತು. ಗಾಡಿ ತಂದ ಮೇಲೆ ಚಕ್ರ ಬಿಗಿಯಾಗಿತ್ತು, ಆಟ ಹೋಗಿದೆ ಅನಿಸಿತು. ಎರಡನೇ ಟ್ರಿಪ್ಪಿಗೆ ಚಾಲಕ, "ತಿರುವಿನ್ಯಾಗ ಚಕ್ರ ಹಿಡಕೊಂತೈತ್ರಿ, ಹೊಳ್ಳಿ ಬರವಲ್ದು, ಗಾಡಿ ಮೊದಲಿಗಿಂತ ಹೆಚ್ಚು ಅಲೀತೈತಿ" ಅಂದ. ಲೋಡ್ ಇಳಿಸಿಸಿ ಗಾಡಿ ನಿಲ್ಲಿಸಿದೆವು. ಬೇರೆ ಮಿಸ್ತ್ರಿ ಬಂದು ಜಾಕ್ ಕೊಟ್ಟು, ಬ್ರೇಕ್ ಒತ್ತಿಸಿ ನೋಡಿದಾಗ ಬಲಗಡೆಯ ಕಿಂಗ್ ಪಿನ್ ಬುಷ್ಷು ಪೂರಾ ತಿಂದು ಹೋಗಿತ್ತು, ಅದೇ ಕಡೆಯ ಯು ಬೋಲ್ಟು ಸಡಿಲಿತ್ತು. ಅವೆರಡನ್ನೂ ಸರಿಮಾಡಿ, ಬಾಕ್ಸಿನ ಸ್ಕ್ರೂ ಹಿಂದಕ್ಕೆ ಬಿಟ್ಟು ಹದಕ್ಕೆ ತಂದ ಮೇಲೆ ಗಾಡಿ ನೆಟ್ಟಗಾಯಿತು.

ಇದರ ಕಾರಣ ತಿಳಿದುಕೊಳ್ಳಬೇಕು. ಗಾಡಿ ಹೆಚ್ಚು ಹೊತ್ತು ನೆಟ್ಟಗೆ ಓಡುವುದರಿಂದ ಬಾಕ್ಸಿನ ಹಲ್ಲು ನಡುವೆ ಜಾಸ್ತಿ ಸವೆದಿರುತ್ತದೆ, ಅಕ್ಕಪಕ್ಕ ಸವೆದಿರುವುದಿಲ್ಲ. ನಡುವಿನ ಆಟ ಹೋಗುವಷ್ಟು ಬಿಗಿ ಮಾಡಿದರೆ ತಿರುವಿನಲ್ಲಿ ಹಲ್ಲು ಹಿಡಿಯುತ್ತದೆ. ಬಿಗಿಯಾದ ಚಕ್ರ ಕೆಳಗಿನ ಸವೆತವನ್ನು ಚಾಲಕನ ಕೈಯಿಂದ ಮುಚ್ಚಿಡುತ್ತದೆ. ಸವೆತ ಮಾತ್ರ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಟೈರು, ಜಾಯಿಂಟು, ಕಿಂಗ್ ಪಿನ್ನು, ಬೇರಿಂಗು, ಕಮಾನು, ಟೋ ಎಲ್ಲಾ ನೋಡಿದ ಮೇಲೆ ಬಾಕ್ಸಿಗೆ ಕೈ ಹಾಕಬೇಕು. ಮೊದಲು ಅದರ ಎಣ್ಣೆ ನೋಡಿ. ಸೀಲು ಹೋಗಿ ಎಣ್ಣೆ ಖಾಲಿಯಾಗಿರುವುದು ಬಹಳ ಗಾಡಿಗಳಲ್ಲಿ ಕಾಣುತ್ತದೆ. ಸ್ಕ್ರೂ ಹೊಂದಿಸುವಾಗ ಗಾಲಿ ನೆಟ್ಟಗಿರಬೇಕು, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು, ಪ್ರತಿ ಸಲ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಎಲ್ಲೂ ಹಿಡಿಯುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ಬಾಕ್ಸು ಬಿಚ್ಚಿಸುವುದೇ ದಾರಿ.

ಎರಡು ಕೆಲಸ ಎಂದಿಗೂ ಮಾಡಬೇಡಿ. ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಇವುಗಳಿಗೆ ವೆಲ್ಡಿಂಗ್ ಬೇಡ, ಕಾಯಿಸಿ ಬಗ್ಗಿಸುವುದೂ ಬೇಡ. ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ಮೊಳೆ, ತಂತಿ ಬೇಡ.

ಒಂದು ಕೊಂಡಿಯ ಬೆಲೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಈ ಸಭೆಯಲ್ಲಿ ಯಾರೂ ಮರೆತಿಲ್ಲ. ತುಂಬಿದ ಅಣೆಕಟ್ಟಿನ ನೀರು ಹೊಳೆಗೆ ಹರಿದು ಹೋಗುವಾಗ, ನಾಟಿ ಮಾಡಿದ ಗದ್ದೆ ನೋಡುತ್ತಾ ನಾವೆಲ್ಲ ನಿದ್ದೆಗೆಟ್ಟೆವು. ಅಷ್ಟು ದೊಡ್ಡ ಅಣೆಕಟ್ಟು, ಒಂದು ಚೈನು. ಲಾರಿಯ ಸ್ಟೇರಿಂಗಿನಲ್ಲೂ ಹಾಗೇ, ಒಂದು ಬಾಲ್ ಜಾಯಿಂಟು ಕಳಚಿದರೆ ಚಾಲಕನ ಕೈಯಲ್ಲಿ ಬರೀ ಚಕ್ರ ಉಳಿಯುತ್ತದೆ.

ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು. ಆದರೆ ಎಫ್.ಸಿ. ಒಂದು ದಿನದ ಪರೀಕ್ಷೆ, ಗಾಡಿ ವರ್ಷವಿಡೀ ಓಡುತ್ತದೆ.

ಸಂಘಕ್ಕೆ ನಮ್ಮ ವಿನಂತಿ

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಒಬ್ಬರಿಂದ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಎಂಬ ನಂಬಿಕೆಯೇ ಬಂಡವಾಳ. ಅದೇ ನಂಬಿಕೆಯಿಂದ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತೇವೆ.

ಒಂದು, ಸಂಘದಿಂದ ಒಂದು ಟೈರ್ ಗೇಜು, ಒಂದು ಗ್ರೀಸ್ ಗನ್ನು, ಒಳ್ಳೆಯ ಜಾಕು, ಎರಡು ಗಟ್ಟಿ ಸ್ಟ್ಯಾಂಡು, ಟೋ ಅಳೆಯುವ ಕೋಲು ತಂದು ಗೋದಾಮಿನಲ್ಲಿ ಇಡುವುದು. ಯಾವ ಸದಸ್ಯನ ಗಾಡಿಗಾದರೂ ಅವು ಸಿಗಬೇಕು.

ಎರಡು, ಮುಂಗಾರಿನ ನೆಲ್ಲು ಕಟಾವಿಗೆ ಮೊದಲು ಒಂದು ದಿನ, ಬೇಸಿಗೆ ಬೆಳೆಯ ಕಟಾವಿಗೆ ಮೊದಲು ಒಂದು ದಿನ, ಗೋದಾಮಿನ ಅಂಗಳದಲ್ಲಿ ತಪಾಸಣೆ ಇಡುವುದು. ಅನುಭವಸ್ಥ ಮಿಸ್ತ್ರಿಯೊಬ್ಬರನ್ನು ಕರೆಸಿ, ಬಂದ ಲಾರಿ, ಟ್ರ್ಯಾಕ್ಟರ್ ಎಲ್ಲವನ್ನೂ ನೋಡಿಸುವುದು.

ಮೂರು, ಸಂಘದ ಲಾರಿಗೆ ಒಂದು ರಿಜಿಸ್ಟರ್ ಇಟ್ಟು, ಚಾಲಕ ಹೇಳಿದ ದೂರನ್ನು ಅವನ ಮಾತಿನಲ್ಲೇ ತಾರೀಖು ಹಾಕಿ ಬರೆಯುವುದು. ಸ್ಟೇರಿಂಗ್ ವಿಷಯದ ದೂರು ಬಂದ ದಿನ, ನೋಡಿಸುವ ತನಕ ಗಾಡಿ ಲೋಡ್ ಎತ್ತಬಾರದು. ಹಾಗೆ ನಿಲ್ಲಿಸಿದ ಚಾಲಕನ ಆ ದಿನದ ಬತ್ತೆ ಕಡಿಯಬಾರದು. ಬತ್ತೆ ಕಡಿದರೆ ದೂರು ಬರುವುದೇ ನಿಂತುಹೋಗುತ್ತದೆ, ಸವೆತ ನಿಲ್ಲುವುದಿಲ್ಲ.

ಇದಕ್ಕೆ ಬರುವ ಖರ್ಚು ಒಂದು ಜೊತೆ ಮುಂದಿನ ಟೈರಿನ ಖರ್ಚಿಗಿಂತ ಹೆಚ್ಚಾಗಲಾರದು ಅಂತ ನಮ್ಮ ಅಂದಾಜು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಇದನ್ನು ಠರಾವಿಗೆ ತರಬೇಕೆಂದು ಕೇಳಿಕೊಳ್ಳುತ್ತೇವೆ. ಬೇಕಾದರೆ ತಿದ್ದಿ, ಹೆಚ್ಚು ಕಡಿಮೆ ಮಾಡಿ, ಆದರೆ ಈ ಸುಗ್ಗಿಗೆ ಮೊದಲು ಶುರುಮಾಡಿ.

ನೆಲ್ಲು ಹೇರಿದ ಗಾಡಿ ಮಿಲ್ಲು ಮುಟ್ಟಬೇಕು, ಹೇರಿದವರು ರಾತ್ರಿ ಊಟಕ್ಕೆ ಮನೆ ಮುಟ್ಟಬೇಕು. 

ಜೈ ಸಹಕಾರ.